ಕಾಗದದ ರಾಕೆಟ್ಟಿಗೆ ಕೊನೆಯ ಮೆರುಗು

ಹವ್ಯಾಸಿಯೊಬ್ಬನು ತನ್ನ ಮನೆಯ ಮೇಜಿನ ಮೇಲೆ ಕಟ್ಟಿ, ಊರ ಹೊರಗಿನ ಬಯಲಿನಿಂದ ಆಕಾಶಕ್ಕೆ ಹಾರಿಸುವ ಮಾದರಿ ರಾಕೆಟ್ಟಿನ ಅಂಗಾಂಗಗಳನ್ನು ಬಿಡಿಬಿಡಿಯಾಗಿ ಕೈಯಲ್ಲಿ ಹಿಡಿದು ನೋಡಿದವರಿಗೆ, ಸೆಕೆಂಡಿಗೆ ನೂರು ಮೀಟರಿನ ಆಸುಪಾಸಿನ ವೇಗವನ್ನು ತಾಳಿಕೊಳ್ಳಬೇಕಾದ ವಸ್ತುವನ್ನು ಇಷ್ಟು ಮೃದುವಾದ, ಇಷ್ಟು ಹಗುರವಾದ ಸಾಮಗ್ರಿಯಿಂದ ರಚಿಸುವರೇ ಎಂಬ ಆಶ್ಚರ್ಯವುಂಟಾಗದೆ ಇರದು. ಒಡಲೆಂಬುದು ಸುರುಳಿಯಾಗಿ ಸುತ್ತಿ ಅಂಟಿಸಿದ ಕಾಗದದ ನಳಿಕೆ. ರೆಕ್ಕೆಗಳೆಂಬುವು ಉಗುರಿನಿಂದ ಒತ್ತಿದರೆ ಗುರುತು ಬೀಳುವ ಬಾಲ್ಸಾ ಮರದ ತೆಳುಹಲಗೆಗಳು. ಮೂತಿಯು ಅದೇ ಬಾಲ್ಸಾದಿಂದ ಕಡೆದದ್ದು, ಇಲ್ಲವೆ ಟೊಳ್ಳಾದ ಪ್ಲಾಸ್ಟಿಕ್ಕಿನದು. ಇವೆಲ್ಲವನ್ನೂ ಜೋಡಿಸಿ, ಸಂದುಗಳನ್ನು ತುಂಬಿ, ಉಜ್ಜಿ, ಬಣ್ಣವಿಟ್ಟು, ಚಿತ್ರಾಕ್ಷರಗಳನ್ನು ಅಂಟಿಸಿದ ತರುವಾಯ ಕಟ್ಟಕಡೆಗೆ ಉಳಿಯುವ ಕಾರ್ಯವೊಂದುಂಟು: ಬಣ್ಣವಿಲ್ಲದ, ಪಾರದರ್ಶಕವಾದ, ಹೊಳಪುಳ್ಳ ಲೇಪವೊಂದನ್ನು ಅದರ ಮೈಮೇಲೆಲ್ಲ ಸಮನಾಗಿ ಹರಡುವುದು. ಹವ್ಯಾಸಿಗಳು ಇದನ್ನು ಕ್ಲಿಯರ್ ಕೋಟ್ ಎಂದು ಕರೆಯುತ್ತಾರೆ. ನೋಡುವವರು ಇದನ್ನು ಅಲಂಕಾರವೆಂದು ಭಾವಿಸುವುದು ಸಹಜ. ಆದರೆ ಕೈಯಾರೆ ಮಾಡಿದವರಿಗೆ ಗೊತ್ತಿರುವಂತೆ, ಬಣ್ಣವು ಕೆಳಗಿನ ದೋಷಗಳನ್ನು ಸ್ವಲ್ಪಮಟ್ಟಿಗಾದರೂ ಮರೆಸಬಲ್ಲದು, ಈ ಲೇಪವಾದರೋ ಯಾವುದನ್ನೂ ಮರೆಸದು. ಅಲ್ಲಿಯ ಪರ್ಯಂತ ಮಾಡಿದ ಒಳ್ಳೆಯದನ್ನೂ ಕೆಟ್ಟದ್ದನ್ನೂ ಅದು ಏಕಪ್ರಕಾರವಾಗಿ ಬೆಳಕಿಗೆ ಹಿಡಿಯುತ್ತದೆ.

ಕಾಗದವೂ ಬಾಲ್ಸಾವೂ ಈ ಹವ್ಯಾಸಕ್ಕೆ ಬಂದುದು ಮುಖ್ಯವಾಗಿ ಪ್ರಾಣರಕ್ಷಣೆಯ ಕಾರಣದಿಂದ. 1957ರ ಅಕ್ಟೋಬರ್ 4ರಂದು ಸ್ಪುಟ್ನಿಕ್ ಉಪಗ್ರಹವು ಭೂಮಿಯನ್ನು ಸುತ್ತಲಾರಂಭಿಸಿದಾಗ ಅಮೆರಿಕದ ಹುಡುಗರಲ್ಲಿ ಹುಟ್ಟಿದ ಉತ್ಸಾಹವು ವಿವೇಕದ ಮಿತಿಯಲ್ಲಿರಲಿಲ್ಲ. ಲೋಹದ ಕೊಳವೆಗಳೊಳಗೆ ಬೆಂಕಿಕಡ್ಡಿಯ ಮದ್ದನ್ನೋ ಸತುವು-ಗಂಧಕಗಳ ಮಿಶ್ರಣವನ್ನೋ ಗಿಡಿದು ಕಿಡಿ ತಾಕಿಸಿ, ಬೆರಳುಗಳನ್ನೂ ಕಣ್ಣುಗಳನ್ನೂ ಕಳೆದುಕೊಂಡವರುಂಟು. ಆದರೆ ಈ ಅಪಾಯಕ್ಕೆ ಪರಿಹಾರವು ಅದಕ್ಕೆ ಮೊದಲೇ, ನೆಬ್ರಾಸ್ಕಾ ಸಂಸ್ಥಾನದ ನಾರ್ಫೋಕ್ ಎಂಬ ಊರಿನಲ್ಲಿ ಪಾದರಕ್ಷೆಗಳ ಅಂಗಡಿಯನ್ನಿಟ್ಟುಕೊಂಡಿದ್ದ ಆರ್ವಿಲ್ ಕಾರ್ಲೈಲ್ ಎಂಬವರ ಕೈಯಲ್ಲಿ ರೂಪುಗೊಂಡಿತ್ತು. ಬಾಣಬಿರುಸುಗಳ ವಿಷಯ ಬಲ್ಲ ಅವರೂ, ವಿಮಾನದ ಮಾದರಿಗಳಲ್ಲಿ ಆಸಕ್ತರಾಗಿದ್ದ ಅವರ ಸೋದರ ರಾಬರ್ಟರೂ ಸೇರಿ 1954ರಲ್ಲಿ, ಕಾಗದದ ಒಡಲು, ಹಗುರವಾದ ಮರದ ರೆಕ್ಕೆ, ಬದಲಾಯಿಸಬಹುದಾದ ಸಣ್ಣ ಎಂಜಿನು, ಇಳಿಯುವಾಗ ಬಿಚ್ಚಿಕೊಳ್ಳುವ ಪ್ಯಾರಾಚೂಟು, ಇವಿಷ್ಟನ್ನು ಕೂಡಿಸಿ ‘ರಾಕ್-ಎ-ಚೂಟ್’ ಎಂಬ ಪುಟ್ಟ ರಾಕೆಟ್ಟನ್ನು ನಿರ್ಮಿಸಿದ್ದರು. ವೈಟ್ ಸ್ಯಾಂಡ್ಸ್ ಕ್ಷಿಪಣಿ ಕ್ಷೇತ್ರದಲ್ಲಿ ಕೆಲಸಮಾಡಿದ್ದ ಜಿ. ಹ್ಯಾರಿ ಸ್ಟೈನ್ ಎಂಬವರು ರಾಕೆಟ್ಟುಗಳ ಸುರಕ್ಷತೆಯನ್ನು ಕುರಿತು 1957ರಲ್ಲಿ ಬರೆದ ಲೇಖನವನ್ನು ಓದಿ, ಕಾರ್ಲೈಲರು ತಮ್ಮ ಮಾದರಿಗಳನ್ನು ಅವರಿಗೆ ಕಳುಹಿಸಿಕೊಟ್ಟರು. ಅದರಿಂದ ಒಂದು ಉದ್ಯಮವೂ, ಅದೇ ವರ್ಷ ರಾಷ್ಟ್ರೀಯ ಸಂಘವೊಂದೂ ಹುಟ್ಟಿದುವು. ಎಂಜಿನುಗಳನ್ನು ಹೇರಳವಾಗಿ ತಯಾರಿಸುವ ಹೊಣೆಯನ್ನು ಹೊತ್ತವರು ವರ್ನನ್ ಎಸ್ಟಿಸ್. 1959ರಲ್ಲಿ ಅವರು ರೂಪಿಸಿದ ಯಂತ್ರವು ಐದೂವರೆ ಸೆಕೆಂಡಿಗೊಂದರಂತೆ ಕಪ್ಪುಮದ್ದಿನ ಎಂಜಿನುಗಳನ್ನು ಹೊರಹಾಕುತ್ತಿತ್ತು. ಆ ಯಂತ್ರಕ್ಕೆ ಅವರು ಮೇಬಲ್ ಎಂದು ಪ್ರೀತಿಯಿಂದ ಹೆಸರಿಟ್ಟಿದ್ದರು. 1961ರಲ್ಲಿ ಅವರ ಕಂಪನಿಯು ಕೊಲರಾಡೋ ಸಂಸ್ಥಾನದ ಪೆನ್ರೋಸ್ ಎಂಬ ಊರಿಗೆ ನೆಲೆಯನ್ನು ಬದಲಿಸಿತು. ಅಂದಿನಿಂದ ಇಂದಿನವರೆಗೂ ಈ ಹವ್ಯಾಸದ ಸುರಕ್ಷಾ ನಿಯಮಗಳಲ್ಲಿ ಮೊದಲನೆಯದಾಗಿ ನಿಂತಿರುವುದು, ಒಡಲು-ಮೂತಿ-ರೆಕ್ಕೆಗಳು ಹಗುರವಾದ, ಲೋಹವಲ್ಲದ ವಸ್ತುಗಳಿಂದಲೇ ಆಗಿರತಕ್ಕದ್ದೆಂಬ ನಿಬಂಧನೆ. ರಾಕೆಟ್ಟು ಕೆಟ್ಟು ಒಡೆದರೂ ಚೂರುಗಳು ಮನುಷ್ಯನನ್ನು ಇರಿಯಬಾರದೆಂಬ ಈ ನಿಯಮದ ಫಲವಾಗಿಯೇ, ಬಣ್ಣವನ್ನು ಹೀರಿಕೊಳ್ಳುವ ಕಾಗದವನ್ನೂ ಮರವನ್ನೂ ಗಾಜಿನಂತಹ ಮೈಯುಳ್ಳದ್ದನ್ನಾಗಿ ಮಾಡುವ ಕಷ್ಟವು ಹವ್ಯಾಸಿಯ ಪಾಲಿಗೆ ಬಂದಿತು.

ಆ ಕಷ್ಟದ ಮೊದಲ ಅಂಶ, ನಳಿಕೆಯ ಮೇಲೆ ಸುರುಳಿಸುರುಳಿಯಾಗಿ ಸಾಗುವ ಸೀಳುಗೆರೆ. ಕಾಗದದ ಪಟ್ಟಿಯನ್ನು ಓರೆಯಾಗಿ ಸುತ್ತುವಾಗ ಅಂಚು ಅಂಚನ್ನು ಕೂಡುವ ಕಡೆಯಲ್ಲಿ ಉಳಿಯುವ ಈ ಕಿರುಗಾಲುವೆಯು ಬರಿಗಣ್ಣಿಗೆ ಅಷ್ಟಾಗಿ ಕಾಣದು. ಹೊಳಪು ಬಂದ ಮೇಲೆ ಮಾತ್ರ ಅದು ಒಡಲಿನುದ್ದಕ್ಕೂ ಎದ್ದು ತೋರುತ್ತದೆ. ಎರಡನೆಯದು ಬಾಲ್ಸಾದ ನಾರು. ಈ ಮರದ ಸಾಂದ್ರತೆಯು ಸಾಧಾರಣವಾಗಿ ಘನಮೀಟರಿಗೆ 100ರಿಂದ 200 ಕಿಲೋಗ್ರಾಂ ಮಾತ್ರ, ಎಂದರೆ ಅದರ ಬಹುಭಾಗ ಬರಿಯ ರಂಧ್ರಗಳೇ. ಹಿಂದಿನ ತಲೆಮಾರಿನವರು ವಿಮಾನದ ಮಾದರಿಗಳಿಗೆ ಬಳಿಯುವ ‘ಡೋಪ್’ ಎಂಬ ಘಾಟುವಾಸನೆಯ ದ್ರವದಲ್ಲಿ ಮುಖಕ್ಕೆ ಹಚ್ಚುವ ಪೌಡರನ್ನು ಕಲಸಿ ಹಚ್ಚಿ, ಉಜ್ಜಿ, ಮತ್ತೆ ಹಚ್ಚಿ, ಮತ್ತೆ ಉಜ್ಜಿ ಈ ರಂಧ್ರಗಳನ್ನು ತುಂಬುತ್ತಿದ್ದರು. ರೆಕ್ಕೆಯ ಒಂದೇ ಮಗ್ಗುಲಿಗೆ ಹಚ್ಚಿ ಬಿಟ್ಟರೆ ಒಣಗುವಾಗ ಅದು ಕುಗ್ಗಿ ಹಲಗೆಯನ್ನು ಬಾಗಿಸುತ್ತಿದ್ದುದರಿಂದ ಎರಡು ಮಗ್ಗುಲಿಗೂ ಒಟ್ಟೊಟ್ಟಿಗೆ ಹಚ್ಚಬೇಕಾಗಿತ್ತು. ಈಗಿನವರು ಬಡಗಿಗಳ ಮರದ ಪುಟ್ಟಿಯನ್ನು ನೀರಿನಲ್ಲಿ ತೆಳುಮಾಡಿ ಕುಂಚದಿಂದ ಬಳಿಯುತ್ತಾರೆ, ಇಲ್ಲವೆ ರೆಕ್ಕೆಗೆ ತೆಳುವಾದ ಕಾಗದವನ್ನೇ ಅಂಟಿಸಿಬಿಡುತ್ತಾರೆ. ತರುವಾಯ 220ರ ಸ್ಯಾಂಡ್‌ಪೇಪರಿನಿಂದ ಮೊದಲುಗೊಂಡು 400ರವರೆಗೆ ಉಜ್ಜಿ, ಪ್ರೈಮರ್ ಬಳಿದು, ಅದನ್ನೂ ಬಹುಪಾಲು ಉಜ್ಜಿ ತೆಗೆದು, ಬಿಳಿಯ ಬಣ್ಣದ ತಳಹದಿಯ ಮೇಲೆ ಉಳಿದ ಬಣ್ಣಗಳನ್ನಿಡುವ ಕ್ರಮವು ಎಲ್ಲರಿಗೂ ತಿಳಿದದ್ದೇ ಆದ್ದರಿಂದ ಅದನ್ನಿಲ್ಲಿ ವಿಸ್ತರಿಸುವುದಿಲ್ಲ.

ಹೊಳಪೆಂಬುದು ಬಣ್ಣದ ಗುಣವನ್ನೇ ಬದಲಿಸುವುದೇಕೆ ಎಂಬುದನ್ನು ಸ್ವಲ್ಪ ವಿಚಾರಿಸೋಣ. ತರಿಯಾದ ಮೈಯ ಮೇಲೆ ಬಿದ್ದ ಬಿಳಿಯ ಬೆಳಕಿನ ಒಂದಂಶವು ಮೇಲ್ಮೈಯಲ್ಲಿಯೇ ದಿಕ್ಕುದಿಕ್ಕಿಗೆ ಚೆದರಿ, ಯಾವ ಕಡೆಯಿಂದ ನೋಡಿದರೂ ಕೆಳಗಿನ ಬಣ್ಣದೊಡನೆ ಬೆರೆತು ಕಣ್ಣಿಗೆ ಬರುವುದರಿಂದ, ಕೆಂಪು ಮಂಕಾಗಿ, ಕಪ್ಪು ಬೂದಿಯಾಗಿ ತೋರುತ್ತದೆ. ಮೈಯು ನುಣುಪಾಗಿದ್ದರೆ ಅದೇ ಬೆಳಕು ಕನ್ನಡಿಯಲ್ಲಿ ಹೇಗೋ ಹಾಗೆ ಒಂದೇ ದಿಕ್ಕಿಗೆ ಹಿಂದಿರುಗುತ್ತದೆ. ಆ ದಿಕ್ಕನ್ನು ಬಿಟ್ಟು ಬೇರೆಲ್ಲಿಂದ ನೋಡಿದರೂ ಕಾಣುವುದು ಬೆರಕೆಯಿಲ್ಲದ ಬಣ್ಣವೇ. ಅಕ್ರಿಲಿಕ್ ಲೇಪದ ವಕ್ರೀಭವನ ಸೂಚ್ಯಂಕವು ಸುಮಾರು 1.49 ಇರುವುದರಿಂದ ನೆಟ್ಟಗೆ ಬಿದ್ದ ಬೆಳಕಿನಲ್ಲಿ ಶೇಕಡಾ 4ರಷ್ಟು ಮಾತ್ರವೇ ಮೇಲಿನಿಂದ ಪ್ರತಿಫಲಿಸಿ, ಉಳಿದದ್ದೆಲ್ಲ ಒಳಹೊಕ್ಕು, ಬಣ್ಣವನ್ನು ಮುಟ್ಟಿ, ಅದರ ಛಾಯೆಯನ್ನು ಹೊತ್ತು ಹೊರಬರುತ್ತದೆ. ಹೊಳೆಯ ದಡದಲ್ಲಿ ಒಣಗಿ ಬಿಳಿಚಿಕೊಂಡಿದ್ದ ಕಲ್ಲು ನೀರಿನಲ್ಲಿ ಅದ್ದಿದೊಡನೆ ಗಾಢವರ್ಣವನ್ನು ತಳೆಯುವುದೂ ಇದೇ ತತ್ತ್ವದಿಂದ. ಆದರೆ ಈ ಸೊಬಗಿಗೆ ತೆರಬೇಕಾದ ಬೆಲೆಯೂ ಅಲ್ಲಿಯೇ ಅಡಗಿದೆ: ಮಂಕು ಮೈಯಲ್ಲಿ ಚೆದರಿದ ಬೆಳಕು ತಗ್ಗು-ದಿಣ್ಣೆಗಳನ್ನು ಸಮಗೊಳಿಸಿ ತೋರಿಸುತ್ತಿತ್ತು, ಕನ್ನಡಿಯಂತಾದ ಮೈಯಲ್ಲಿ ಕಿಟಕಿಯ ಪ್ರತಿಬಿಂಬವು ಸೀಳುಗೆರೆಯ ಬಳಿ ಬಂದು ಡೊಂಕಾದಾಗ, ಉಜ್ಜುವಾಗ ತೋರಿದ ಅವಸರವು ಜಗತ್ತಿಗೆಲ್ಲ ಪ್ರಕಟವಾಗುತ್ತದೆ.

ಈ ಕಲೆಯಲ್ಲಿ ಅತ್ಯಂತ ಸೂಕ್ಷ್ಮವಾದದ್ದು ದ್ರಾವಕಗಳ ಪರಸ್ಪರ ಸ್ವಭಾವವೆಂದು ನನ್ನ ಅಭಿಪ್ರಾಯ. ಕೈಚಳಕದ ಮಾತು ಅದರ ತರುವಾಯದ್ದು. ಸ್ಪ್ರೇ ಡಬ್ಬಿಯೊಳಗಿರುವ ಲೇಪಗಳು ಹೊರನೋಟಕ್ಕೆ ಒಂದೇ ಬಗೆಯವಾದರೂ ಒಣಗುವ ಬಗೆಯಲ್ಲಿ ಭಿನ್ನವಾದುವು. ಲ್ಯಾಕರ್ ಎಂಬುದು ದ್ರಾವಕವು ಆವಿಯಾಗಿ ಹೋದ ಮಾತ್ರಕ್ಕೆ ಗಟ್ಟಿಯಾಗುವಂತಹುದು. ಅದೇ ದ್ರಾವಕ ಮತ್ತೆ ತಾಗಿದರೆ ಮತ್ತೆ ಕರಗುವಂತಹುದು. ಆದ್ದರಿಂದಲೇ ಅದರ ಒಂದು ಪದರವು ಕೆಳಗಿನ ಪದರದೊಡನೆ ಕರಗಿ ಒಂದಾಗಿಬಿಡುತ್ತದೆ. ಎನಾಮಲ್ ಎಂಬುದು ಮೊದಲು ದ್ರಾವಕವನ್ನು ಕಳೆದುಕೊಂಡು, ಅನಂತರ ಗಾಳಿಯ ಆಮ್ಲಜನಕದೊಡನೆ ಸೇರಿ, ದಿನಗಟ್ಟಲೆ ನಿಧಾನವಾಗಿ ಒಳಗೊಳಗೇ ಬಲಿಯುವಂತಹುದು. ಅರೆಬಲಿತ ಎನಾಮಲ್ಲಿನ ಮೇಲೆ ಲ್ಯಾಕರಿನ ತೀಕ್ಷ್ಣ ದ್ರಾವಕ ಬಿದ್ದೊಡನೆ ಅದು ಕೆಳಕ್ಕೆ ಇಳಿದು, ಎನಾಮಲ್ಲನ್ನು ಉಬ್ಬಿಸಿ, ಸುಕ್ಕುಗಟ್ಟಿಸಿ, ವಾರಗಟ್ಟಲೆಯ ಶ್ರಮವನ್ನು ನಿಮಿಷಾರ್ಧದಲ್ಲಿ ಬೇಸಗೆಯ ಕೆರೆಯಂಗಳದ ಹಾಗೆ ಬಿರಿಸಿಬಿಡುವುದು. ಲ್ಯಾಕರಿನ ಮೇಲೆ ಎನಾಮಲ್ ನಿಲ್ಲಬಹುದು, ಎನಾಮಲ್ಲಿನ ಮೇಲೆ ಲ್ಯಾಕರ್ ಸಲ್ಲದು ಎಂಬ ಹಳೆಯ ಬಣ್ಣಗಾರರ ನಿಯಮಕ್ಕೆ ಇದೇ ಆಧಾರ. ಅಮೆರಿಕದಲ್ಲಿ ಬಹುಜನರು ಬಳಸುವ ರಸ್ಟ್-ಓಲಿಯಂ ಡಬ್ಬಿಯ ಮೇಲೆ, ಎರಡನೆಯ ಪದರವನ್ನು ಒಂದು ಗಂಟೆಯೊಳಗಾಗಿ ಹಾಕಬೇಕು, ತಪ್ಪಿದರೆ 48 ಗಂಟೆ ಕಳೆದ ಮೇಲೆಯೇ ಹಾಕಬೇಕು ಎಂದು ಮುದ್ರಿಸಿರುವುದುಂಟು. ಇದು ವ್ಯಾಪಾರಿಯ ಅತಿಜಾಗರೂಕತೆಯಿಂದ ಬಂದ ಮಾತಲ್ಲ. ಗಂಟೆಯೊಳಗೆ ಎರಡು ಪದರಗಳೂ ಒಟ್ಟಿಗೆ ಮೆತ್ತಗಿದ್ದು ಒಂದಾಗಿ ಒಣಗುತ್ತವೆ. ಎರಡು ದಿನ ಕಳೆದರೆ ಕೆಳಗಿನದು ಎದುರಿಸಿ ನಿಲ್ಲುವಷ್ಟು ಬಲಿತಿರುತ್ತದೆ. ನಡುವಣ ಅವಧಿಯಲ್ಲಿ ಮೇಲಿನ ಚರ್ಮ ಬಿಗಿದು ಒಳಗಿನ ತಿರುಳು ಹಸಿಯಾಗಿರುವುದರಿಂದ, ಹೊಸ ದ್ರಾವಕವು ಆ ಚರ್ಮವನ್ನು ಎಬ್ಬಿಸಿಬಿಡುತ್ತದೆ.

ಬಣ್ಣವೂ ಕ್ಲಿಯರ್ ಕೋಟೂ ಒಂದೇ ಕಂಪನಿಯ ಒಂದೇ ಶ್ರೇಣಿಯದ್ದಾಗಿರಲಿ ಎಂದು ಅನುಭವಸ್ಥರು ಹೇಳುವುದು ಈ ಕಾರಣದಿಂದಲೇ. ಹಾಗಿದ್ದರೂ ಉಳಿದ ನಳಿಕೆಯ ತುಂಡೊಂದರ ಮೇಲೆ ಅದೇ ಬಣ್ಣ, ಅದೇ ಚಿತ್ರಪಟ್ಟಿ, ಅದೇ ಲೇಪಗಳನ್ನು ಅದೇ ಅಂತರದಲ್ಲಿ ಪ್ರಯೋಗಿಸಿ ನೋಡದೆ ರಾಕೆಟ್ಟಿನ ಮೇಲೆ ಕೈಮಾಡುವುದು ಉಚಿತವಲ್ಲ. ಚಿತ್ರಪಟ್ಟಿಯೆಂದೆ. ಡೆಕಾಲ್ ಎಂದು ಕರೆಯಲ್ಪಡುವ ಈ ತೆಳುಪೊರೆಗಳನ್ನು ನೀರಿನಲ್ಲಿ ನೆನೆಸಿ, ಕಾಗದದಿಂದ ಜಾರಿಸಿ ರಾಕೆಟ್ಟಿನ ಮೈಗೆ ಕೂರಿಸುವರು. ಮೈಯು ಮಂಕಾಗಿದ್ದರೆ ಅದರ ತರಿಗಳ ನಡುವೆ ಗಾಳಿ ಸಿಕ್ಕಿಕೊಂಡು, ಪೊರೆಯ ಕೆಳಗೆ ಬೆಳ್ಳಿಯಂತಹ ಮಬ್ಬೊಂದು ಕಾಣಿಸುತ್ತದೆ. ಆದಕಾರಣ ಡೆಕಾಲಿಗೆ ಮೊದಲೊಮ್ಮೆ ಹೊಳಪಿನ ಲೇಪ, ಅದು ಕೂತು ಒಣಗಿದ ಮೇಲೆ ರಕ್ಷಣೆಗಾಗಿ ಮತ್ತೊಮ್ಮೆ ಲೇಪ, ಹೀಗೆ ಎರಡು ಸಲ ಬಳಿಯುವುದು ಶ್ರೇಷ್ಠವಾದ ಪದ್ಧತಿ. ಎರಡನೆಯ ಸಲದ ಮೊದಲ ಪದರವು ಇಬ್ಬನಿಯಷ್ಟೇ ತೆಳುವಾಗಿರಬೇಕು. ದಪ್ಪವಾಗಿ ಸುರಿದರೆ ದ್ರಾವಕವು ಡೆಕಾಲನ್ನೇ ಕರಗಿಸಿ ಅಕ್ಷರಗಳನ್ನು ಕದಡಿಬಿಡುತ್ತದೆ. ಇಂಕ್‌ಜೆಟ್ ಯಂತ್ರದಲ್ಲಿ ಮನೆಯಲ್ಲಿಯೇ ಮುದ್ರಿಸಿಕೊಂಡ ಡೆಕಾಲುಗಳಿಗಂತೂ ನೀರನ್ನು ತೋರಿಸುವ ಮುನ್ನವೇ ಈ ಲೇಪದ ಕವಚವಿರಬೇಕು. ಇಲ್ಲದಿದ್ದರೆ ಶಾಯಿಯೆಲ್ಲ ಬಟ್ಟಲಿನ ನೀರಿಗೆ ಸೇರುವುದು.

ಸಿಂಪಡಿಸುವ ಕ್ರಿಯೆಯಲ್ಲಿ ಡಬ್ಬಿಯನ್ನು ಸುಮಾರು 20ರಿಂದ 30 ಸೆಂಟಿಮೀಟರು ದೂರದಲ್ಲಿ ಹಿಡಿದು, ರಾಕೆಟ್ಟಿನ ಅಂಚಿನಾಚೆಯ ಬರಿಗಾಳಿಯಲ್ಲಿ ಗುಂಡಿಯನ್ನೊತ್ತಿ, ಒಂದೇ ವೇಗದಲ್ಲಿ ಸಾಗಿ, ಇನ್ನೊಂದು ಅಂಚಿನಾಚೆ ಬೆರಳನ್ನು ಸಡಿಲಿಸಬೇಕು. ನಳಿಕೆಯ ಮೇಲೆಯೇ ಆರಂಭಿಸಿದರೆ ಡಬ್ಬಿಯ ಬಾಯಿಯಿಂದ ಮೊದಲು ಸಿಡಿಯುವ ದಪ್ಪಹನಿಗಳು ಅಲ್ಲಿಯೇ ನಿಲ್ಲುತ್ತವೆ. ತೀರ ದೂರ ಹಿಡಿದರೆ ಹನಿಗಳು ಹಾದಿಯಲ್ಲಿಯೇ ಅರೆಯೊಣಗಿ, ಮುಟ್ಟಿದ ಮೇಲೆ ಹರಡಿಕೊಳ್ಳಲಾರದೆ, ಕಿತ್ತಳೆಯ ಸಿಪ್ಪೆಯಂತಹ ಮೈಯನ್ನುಂಟುಮಾಡುತ್ತವೆ. ತೀರ ಹತ್ತಿರ ಹಿಡಿದರೆ ದ್ರವವು ಇಳಿದು ಕಣ್ಣೀರಿನ ಗೆರೆಯಾಗುತ್ತದೆ. ಎರಡು ತೆಳುಪದರಗಳಾದ ಮೇಲೆ ಮೈಯೆಲ್ಲ ಒದ್ದೆಯಾಗಿ ಮಿರುಗುವಂತೆ ಒಂದು ತುಂಬುಪದರವನ್ನು ಹಾಕುವಲ್ಲಿಯೇ ಧೈರ್ಯ ಬೇಕಾಗುವುದು, ಏಕೆಂದರೆ ನಿಜವಾದ ಹೊಳಪು ಹುಟ್ಟುವುದು ಆ ಪದರದಲ್ಲಿ. ಅದು ಇಳಿದು ಹರಿಯುವ ಸ್ಥಿತಿಗೆ ಕೂದಲೆಳೆಯಷ್ಟೇ ಅಂತರವಿರುವುದೂ ಆಗಲೇ. ಬೆರಳಿನ ಜಿಡ್ಡು ತಾಗಿದ ಕಡೆಯಲ್ಲಿ ಲೇಪವು ಕೂರದೆ ದುಂಡಗೆ ಹಿಂಜರಿದು ನಿಲ್ಲುವುದರಿಂದ, ಬಳಿಯುವ ಮುನ್ನ ಮೈಯನ್ನು ಒರಸಿದವನು ಅದನ್ನು ಮತ್ತೆ ಬರಿಗೈಯಿಂದ ಮುಟ್ಟಬಾರದು. ಬಾಲದ ಕಡೆಯಿಂದ ಎಂಜಿನಿನ ನಳಿಕೆಯೊಳಗೆ ಕೋಲೊಂದನ್ನು ಸಿಕ್ಕಿಸಿ, ಅದನ್ನೇ ಹಿಡಿಯಾಗಿ ಮಾಡಿಕೊಂಡು ತಿರುಗಿಸುವುದು ವಾಡಿಕೆ.

ಹವೆಯ ವಿಷಯ ಇವೆಲ್ಲಕ್ಕಿಂತ ಮಿಗಿಲಾದದ್ದು. ದ್ರಾವಕವು ವೇಗವಾಗಿ ಆವಿಯಾಗುವಾಗ ಮೈಯಿಂದ ಉಷ್ಣವನ್ನು ಸೆಳೆದುಕೊಳ್ಳುತ್ತದೆ. ಗಾಳಿಯಲ್ಲಿ ತೇವ ಹೆಚ್ಚಾಗಿದ್ದರೆ ತಣ್ಣಗಾದ ಆ ಮೈಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಇಬ್ಬನಿ ಕಟ್ಟಿ, ಒಣಗುತ್ತಿರುವ ಲೇಪದೊಳಗೆ ಸೇರಿ, ಕಪ್ಪು ರಾಕೆಟ್ಟನ್ನು ಹಾಲು ಬಳಿದಂತೆ ಬೆಳ್ಳಗಾಗಿಸುತ್ತದೆ. ನಮ್ಮ ಕರಾವಳಿಯಲ್ಲಿ ಅರಗಿನ ಪಾಲಿಶ್ ಹಾಕುವ ಬಡಗಿಗಳು ಮಳೆಗಾಲದಲ್ಲಿ ಆ ಕೆಲಸಕ್ಕೆ ಕೈಹಾಕಲು ಅನುಮಾನಿಸುವುದೂ ಇದೇ ಕಾರಣದಿಂದ. ಕೊಲರಾಡೋದ ಒಣಗಾಳಿಯಲ್ಲಿ ಈ ಬಾಧೆ ವಿರಳ. ಫ್ಲಾರಿಡಾದಲ್ಲಿಯೂ ಟೆಕ್ಸಾಸಿನ ಕಡಲತೀರದಲ್ಲಿಯೂ ಹವ್ಯಾಸಿಗಳು ಒಳ್ಳೆಯ ದಿನಕ್ಕಾಗಿ ಕಾದಿರಬೇಕಾಗುತ್ತದೆ. ಅದೃಷ್ಟವಶಾತ್ ಈ ದೋಷಕ್ಕೆ ಪರಿಹಾರವುಂಟು: ಒಣಹವೆಯ ದಿನದಲ್ಲಿ ಅದೇ ಲೇಪವನ್ನು ಇನ್ನೊಮ್ಮೆ ತೆಳುವಾಗಿ ಹಾಕಿದರೆ, ಕೆಳಗಿನ ಪದರ ಮತ್ತೆ ಕರಗಿ, ತೇವಕ್ಕೆ ಹೊರಹೋಗಲು ಎಡೆಯಾಗಿ, ಮಬ್ಬು ಬಹುಮಟ್ಟಿಗೆ ಹರಿಯುವುದು. ಚಳಿಯ ದಿನಗಳಲ್ಲಿ ಡಬ್ಬಿಯನ್ನು ಬೆಚ್ಚನೆಯ ನೀರಿನಲ್ಲಿ ಇರಿಸಿ ಬಳಸುವುದುಂಟು. ಆ ನೀರು ಕೈಗೆ ಹಿತವಾಗುವಷ್ಟೇ ಬೆಚ್ಚಗಿರಬೇಕು, ಸುಮಾರು 50 ಡಿಗ್ರಿ ಸೆಲ್ಸಿಯಸ್ಸಿನ ಮೇಲೆ ಡಬ್ಬಿಯು ಸಿಡಿಯುವ ಅಪಾಯವಿರುವುದರಿಂದ ಒಲೆಯ ಮೇಲೆ ಅದನ್ನು ಕಾಯಿಸುವ ಯೋಚನೆಯನ್ನು ಸಹ ಮಾಡಬಾರದು.

ಅಮೆರಿಕದಲ್ಲಿ ನೆಲಸಿದ ಕನ್ನಡ ಕುಟುಂಬಗಳ ಮಕ್ಕಳೂ ಈ ಹವ್ಯಾಸದಲ್ಲಿ ತೊಡಗಿರುವುದುಂಟು. ನನ್ನ ತಂಗಿಯ ಮಗನ ಮನೆಯಲ್ಲಿ, ಅವನ ಹನ್ನೆರಡು ವರ್ಷದ ಮಗಳು ತಾನೇ ಕಟ್ಟಿದ ಎಸ್ಟಿಸ್ ಆಲ್ಫಾ ರಾಕೆಟ್ಟಿಗೆ ಕೊನೆಯ ಲೇಪ ಹಾಕಿ ಗ್ಯಾರೇಜಿನಲ್ಲಿ ತೂಗುಹಾಕಿದ್ದಳು. ಮರುದಿನ ಬೆಳಗ್ಗೆ ಅದರ ಮುಂದೆ ನಿಂತು, “ಒಣಗಿರೋ ಹಾಗೇ ಕಾಣ್ತಿದೆ ಅಲ್ವಾ ಅಜ್ಜ? ಒಂದ್ಸಲ ಮುಟ್ಟಿ ನೋಡಲಾ?” ಎಂದು ನನ್ನನ್ನು ಕೇಳಿದಳು. ಒಳಗಿನಿಂದ ಬರುತ್ತಿದ್ದ ಅವಳ ತಂದೆ, “ಮುಟ್ಟಬೇಡಮ್ಮ, ಮೂಸಿ ನೋಡು. ಇನ್ನೂ ವಾಸನೆ ಬರ್ತಿದ್ರೆ ಒಣಗಿಲ್ಲ ಅಂತಲೇ ಅರ್ಥ” ಎಂದ. ಅವಳು ಮೂಗನ್ನು ಹತ್ತಿರ ತಂದು ಕ್ಷಣಕಾಲ ನಿಂತಳು. ಮುಖವನ್ನು ಕಿವಿಚಿಕೊಂಡು ಹಿಂದೆ ಸರಿದಳು. ಮಾತಿಲ್ಲದೆ ಒಳಗೆ ಹೋದಳು. ಮಕ್ಕಳಿಗೆ ಕಾಯುವುದನ್ನು ಉಪದೇಶದಿಂದ ಕಲಿಸಲು ಹೆಣಗುವ ನಮಗೆ, ಕಾರಣಸಹಿತವಾಗಿ ಅದನ್ನು ಕಲಿಸುವ ಇಂತಹ ಕೈಕೆಲಸವೊಂದು ಮನೆಯೊಳಗಿದ್ದರೆ ಎಷ್ಟು ಅನುಕೂಲವೆಂದು ಆಗ ನನಗೆ ತೋರಿತು. ದ್ರಾವಕವು ಹೊರಟುಹೋಗುವ ತನಕ ಮೂಗಿಗೆ ತಿಳಿಯುವುದು, ಬೆರಳಿಗೆ ತಿಳಿಯದು. ಬೆರಳು ತಾಗಿದರೆ ಅದರ ರೇಖೆಗಳು ಶಾಶ್ವತವಾಗಿ ಅಲ್ಲಿಯೇ ಉಳಿಯುವುವು.

ಬಳಿಯುವ ವಸ್ತುಗಳಲ್ಲಿ ಒಂದರ ವೃತ್ತಾಂತ ವಿಶೇಷವಾದದ್ದು. ಮನೆಯ ನೆಲಕ್ಕೆ ಹೊಳಪು ತರಲೆಂದು ಅಮೆರಿಕದಲ್ಲಿ ಫ್ಯೂಚರ್ ಎಂಬ ಹೆಸರಿನಲ್ಲಿ ಮಾರಾಟವಾಗುತ್ತಿದ್ದ ಅಕ್ರಿಲಿಕ್ ದ್ರವವೊಂದನ್ನು ಮಾದರಿಕಾರರು ತಮ್ಮದನ್ನಾಗಿ ಮಾಡಿಕೊಂಡು, ಕುಂಚದಿಂದಲೋ ಬಟ್ಟೆಯಿಂದಲೋ ಬಳಿಯತೊಡಗಿದರು. ನೀರನ್ನೇ ಮಾಧ್ಯಮವಾಗುಳ್ಳ ಅದು ಎನಾಮಲ್ಲನ್ನಾಗಲಿ ಲ್ಯಾಕರನ್ನಾಗಲಿ ಕೆಣಕುತ್ತಿರಲಿಲ್ಲ. ತಾನಾಗಿ ಸಮನಾಗಿ ಹರಡಿಕೊಳ್ಳುತ್ತಿತ್ತು. ಕೆಟ್ಟರೆ ಅಮೋನಿಯಾ ಬೆರೆತ ನೀರಿನಿಂದ ಒರಸಿ ತೆಗೆದು ಮೊದಲಿನಿಂದ ಆರಂಭಿಸಬಹುದಾಗಿತ್ತು. ಆ ಹೆಸರಿನ ಸೀಸೆಗಳು ಈಗ ಅಂಗಡಿಗಳಲ್ಲಿಲ್ಲ. ಉಳಿಸಿಟ್ಟುಕೊಂಡವರು ಅದನ್ನು ಹನಿಹನಿಯಾಗಿ ಖರ್ಚುಮಾಡುತ್ತಾರೆ. ಇದಕ್ಕೆ ವಿರುದ್ಧವಾದ ಕೊನೆಯಲ್ಲಿರುವುದು ಕಾರುಗಳಿಗೆ ಬಳಿಯುವ ಎರಡು ದ್ರವಗಳ ಯುರಿಥೇನ್ ಲೇಪ. ಗಟ್ಟಿಕಾರಕವನ್ನು ಬೆರೆಸಿದೊಡನೆ ರಾಸಾಯನಿಕ ಬಂಧಗಳಿಂದ ಹೆಣೆದುಕೊಂಡು ಬಲಿಯುವ ಇದರ ಹೊಳಪಿಗೂ ದಾರ್ಢ್ಯಕ್ಕೂ ಸಮನಾದದ್ದು ಮತ್ತೊಂದಿಲ್ಲ. ಆದರೆ ಆ ಗಟ್ಟಿಕಾರಕವು ಐಸೊಸಯನೇಟ್ ಕುಲಕ್ಕೆ ಸೇರಿದ್ದು. 1984ರಲ್ಲಿ ಭೋಪಾಲದಲ್ಲಿ ಸಹಸ್ರಾರು ಜನರನ್ನು ಬಲಿತೆಗೆದುಕೊಂಡ ವಿಷವು ಇದೇ ವಸ್ತುವಲ್ಲದಿದ್ದರೂ ಇದೇ ಕುಲದ್ದೆಂಬುದನ್ನು ನೆನೆದರೆ, ಎಚ್ಚರಿಕೆಯ ಮಾತನ್ನು ಒತ್ತಿ ಹೇಳಬೇಕಾದ ಕಾರಣ ಸ್ಪಷ್ಟವಾಗುತ್ತದೆ: ಇದರ ತುಂತುರನ್ನು ಉಸಿರಾಡಿದವರಲ್ಲಿ ಕೆಲವರಿಗೆ ಉಬ್ಬಸವು ಅಂಟಿಕೊಂಡು, ಅನಂತರ ಲೇಶಮಾತ್ರ ತಾಗಿದರೂ ಮರುಕಳಿಸುವುದುಂಟು. ತಕ್ಕ ಉಸಿರಾಟದ ಸಾಧನ, ಕೈಗವಸು, ಗಾಳಿಯಾಡುವ ಪ್ರತ್ಯೇಕ ಸ್ಥಳ ಇಲ್ಲದವರು, ಅದರಲ್ಲಿಯೂ ಮಕ್ಕಳಿರುವ ಮನೆಯವರು, ಇದರ ಗೋಜಿಗೆ ಹೋಗಲೇಬಾರದು.

ಹೊಳಪಿನಿಂದ ರಾಕೆಟ್ಟು ಹೆಚ್ಚು ಎತ್ತರಕ್ಕೆ ಹೋಗುವುದೆಂಬ ನಂಬಿಕೆ ಹವ್ಯಾಸಿಗಳಲ್ಲಿ ಬಹಳ ಕಾಲದಿಂದ ಬಂದದ್ದು, ಅದರಲ್ಲಿ ಅರ್ಧಸತ್ಯವಿದೆ. ಮಾದರಿ ರಾಕೆಟ್ಟುಗಳ ವಾಯುಪ್ರತಿರೋಧವನ್ನು ಕುರಿತು ಜೆರಾಲ್ಡ್ ಗ್ರೆಗೊರೆಕ್ ಎಂಬ ವಿದ್ವಾಂಸರು ಬರೆದ ಗ್ರಂಥವನ್ನು ಎಸ್ಟಿಸ್ ಕಂಪನಿಯೇ 1970ರಲ್ಲಿ ಪ್ರಕಟಿಸಿತ್ತು. ಫಿನ್‌ಲೆಂಡಿನ ಸಾಂಪೊ ನಿಸ್ಕಾನೆನ್ ಎಂಬವರು 2009ರ ಪ್ರಬಂಧದೊಡನೆ ರಚಿಸಿದ ಓಪನ್‌ರಾಕೆಟ್ ಎಂಬ ತಂತ್ರಾಂಶದಲ್ಲಿ ಈ ಪ್ರತಿರೋಧದ ಲೆಕ್ಕವನ್ನು ಯಾರು ಬೇಕಾದರೂ ಮಾಡಿನೋಡಬಹುದು. ಅಲ್ಲಿ ಬಣ್ಣವಿಲ್ಲದ ಒರಟು ಮೈಯ ತರಿಯನ್ನು 150 ಮೈಕ್ರೋಮೀಟರೆಂದೂ, ಸಾಧಾರಣ ಬಣ್ಣದ್ದನ್ನು 60 ಎಂದೂ, ನುಣುಪಾದ ಬಣ್ಣದ್ದನ್ನು 20 ಎಂದೂ, ಮೆರುಗು ಕೊಟ್ಟದ್ದನ್ನು 2 ಎಂದೂ ಗಣಿಸುವರು. ಸುಮಾರು 31 ಸೆಂಟಿಮೀಟರು ಉದ್ದದ ಆಲ್ಫಾ ರಾಕೆಟ್ಟು ಸೆಕೆಂಡಿಗೆ 100 ಮೀಟರು ವೇಗದಲ್ಲಿ ಹೋಗುವಾಗ ಗಾಳಿಯ ಹರಿವಿನ ಸ್ವರೂಪವನ್ನು ಸೂಚಿಸುವ ಅದರ ರೆನಾಲ್ಡ್ಸ್ ಸಂಖ್ಯೆ ಇಪ್ಪತ್ತು ಲಕ್ಷದಷ್ಟಾಗುತ್ತದೆ. ಆ ಸ್ಥಿತಿಯಲ್ಲಿ ಹತ್ತು-ಹನ್ನೆರಡು ಮೈಕ್ರೋಮೀಟರಿಗಿಂತ ಸಣ್ಣದಾದ ತರಿಯು ಮೈಗಂಟಿದ ಗಾಳಿಯ ಪದರದೊಳಗೆ ಮುಳುಗಿಹೋಗಿ, ಘರ್ಷಣೆಯನ್ನು ಹೆಚ್ಚಿಸುವುದೇ ಇಲ್ಲ. ವೇಗ ತಗ್ಗಿದಷ್ಟೂ ಈ ಮಿತಿಯು ಇನ್ನೂ ಸಡಿಲವಾಗುತ್ತದೆ. ಎಂದರೆ, ನಾರು ತುಂಬಿ ಚೆನ್ನಾಗಿ ಉಜ್ಜಿದ ಬಣ್ಣವು ಗಳಿಸಬೇಕಾದುದನ್ನು ಬಹುಪಾಲು ಗಳಿಸಿಯೇ ಇರುತ್ತದೆ. ಅದರ ಮೇಲಣ ಕನ್ನಡಿಯ ಹೊಳಪನ್ನು ಗಾಳಿಯು ಗಮನಿಸುವುದು ಅತ್ಯಲ್ಪ. ತೂಕದ ಕಡೆಯಿಂದ ನೋಡಿದರೂ, ಇಂತಹ ರಾಕೆಟ್ಟಿನ ಮುನ್ನೂರು ಚದರ ಸೆಂಟಿಮೀಟರಿಗೂ ಮಿಕ್ಕ ಮೈಮೇಲೆ 25 ಮೈಕ್ರೋಮೀಟರು ದಪ್ಪದ ಲೇಪವು ಒಣಗಿದ ಮೇಲೆ ಒಂದು ಗ್ರಾಮಿನ ಆಸುಪಾಸು ತೂಗುತ್ತದೆಂದು ಲೆಕ್ಕ; ರಾಕೆಟ್ಟಿನ ತೂಕವೇ 23 ಗ್ರಾಂ ಇರುವಾಗ ಅದೂ ಉಪೇಕ್ಷಿಸತಕ್ಕದ್ದಲ್ಲ.

ಹಾಗಾದರೆ ಈ ಲೇಪದ ಪ್ರಯೋಜನವೇನೆಂದು ಕೇಳಿದರೆ, ಅದು ರಾಕೆಟ್ಟಿನ ಏರಿಕೆಗಿಂತ ಇಳಿಕೆಯ ತರುವಾಯ ಕಂಡುಬರುವಂತಹುದು ಎಂದು ಹೇಳುತ್ತೇನೆ. ಕಪ್ಪುಮದ್ದು ಉರಿದು ಉಳಿಯುವ ಮಸಿಯಲ್ಲಿ ಗಾಳಿಯ ತೇವವನ್ನು ಹೀರಿಕೊಳ್ಳುವ ಪೊಟ್ಯಾಸಿಯಂ ಲವಣಗಳಿರುತ್ತವೆ. ಬಾಲದ ಕಡೆಗೆ ಅಂಟಿಕೊಂಡ ಅದನ್ನು ಲೇಪವಿರುವ ಮೈಯಿಂದ ಒದ್ದೆಬಟ್ಟೆಯಲ್ಲಿ ಒರಸಿಬಿಡಬಹುದು, ಲೇಪವಿಲ್ಲದಿದ್ದರೆ ಅದು ಬಣ್ಣದೊಳಕ್ಕೇ ಇಳಿದು ಕಲೆಯಾಗುತ್ತದೆ. ಪ್ಯಾರಾಚೂಟಿನಲ್ಲಿ ತೇಲಿ ಇಬ್ಬನಿಯ ಹುಲ್ಲಿನ ಮೇಲೆ ಬಿದ್ದ ಕಾಗದದ ನಳಿಕೆ ನೀರು ಕುಡಿದು ಉಬ್ಬದಂತೆ ಅದು ಕಾಯುತ್ತದೆ. ಡೆಕಾಲುಗಳ ಅಂಚು ಏಳದಂತೆ ಹಿಡಿದಿಡುತ್ತದೆ. ನೇರಳಾತೀತ ಕಿರಣಗಳನ್ನು ತಡೆಯುವ ವಸ್ತು ಬೆರೆತ ಲೇಪವಾದರೆ, ಬಯಲಿನಲ್ಲಿ ದೂರದಿಂದ ಕಾಣಲೆಂದು ಬಳಿದ ಪ್ರಖರವಾದ ಕಿತ್ತಳೆ, ಗುಲಾಬಿ ವರ್ಣಗಳು ಬೇಗನೆ ಬಿಳಿಚುವುದನ್ನು ಮುಂದೂಡುತ್ತದೆ. ಆದರೆ ಎಲ್ಲಿ ಬಳಿಯಬಾರದೆಂಬುದನ್ನೂ ತಿಳಿದಿರಬೇಕು. ಮೂತಿಯ ಬುಡದಲ್ಲಿ ನಳಿಕೆಯೊಳಕ್ಕೆ ಕೂರುವ ಭಾಗಕ್ಕೆ ಲೇಪ ತಗುಲಿದರೆ ಅದು ಬಿಗಿಯಾಗಿ, ಮೇಲೆ ಹೋದಾಗ ಕಳಚಿಕೊಳ್ಳಬೇಕಾದ ಮೂತಿ ಕಳಚದೆ, ಪ್ಯಾರಾಚೂಟು ಒಳಗೇ ಉಳಿದು, ರಾಕೆಟ್ಟು ನೆಟ್ಟಗೆ ಭೂಮಿಗೆ ಬಂದು ನಾಟಿಕೊಳ್ಳುವುದು. ಬಯಲಿನಲ್ಲಿ ಮಕ್ಕಳು ನಿಂತಿರುವಾಗ ಇದು ಅಂದಚೆಂದದ ಪ್ರಶ್ನೆಯಾಗಿ ಉಳಿಯದು. ಆದಕಾರಣ ಆ ಭಾಗವನ್ನೂ ನಳಿಕೆಯ ಒಳ ಅಂಚನ್ನೂ ಟೇಪಿನಿಂದ ಮುಚ್ಚಿಯೇ ಕೆಲಸ ಆರಂಭಿಸಬೇಕು.

ನಿಜವಾದ ರಾಕೆಟ್ಟುಗಳ ಪ್ರತಿಕೃತಿಗಳ ವಿಷಯ ಬೇರೆ. 1972ರಲ್ಲಿ ಯುಗೊಸ್ಲಾವಿಯದ ವ್ರ್ಶಾತ್ಸ್ ಎಂಬಲ್ಲಿ ಮೊದಲ ಬಾರಿಗೆ ನಡೆದ ಮಾದರಿ ರಾಕೆಟ್ಟುಗಳ ವಿಶ್ವ ಸ್ಪರ್ಧೆಯಿಂದ ಮೊದಲುಗೊಂಡು, ಪ್ರತಿಕೃತಿಗಳನ್ನು ಮೂಲದ ಚಿತ್ರಗಳೊಡನೆ ಅಕ್ಷರಶಃ ಹೋಲಿಸಿ ಪರೀಕ್ಷಿಸುವ ಸಂಪ್ರದಾಯವು ಬೆಳೆದುಬಂದಿದೆ. ಸುಮಾರು 110 ಮೀಟರಿನ ಸ್ಯಾಟರ್ನ್-5ನ್ನು ನೂರರಲ್ಲಿ ಒಂದು ಪಾಲಿಗೆ ಇಳಿಸಿದಾಗ ಅದರ ಎತ್ತರವೂ ವ್ಯಾಸವೂ ಇಳಿಯುವುವು, ಹೊಳಪು ಮಾತ್ರ ಇಳಿಯದು. ಮೈಲಿಯಾಚೆಯಿಂದ ನೋಡುವ ಮಹಾರಾಕೆಟ್ಟಿನ ಬಿಳುಪು ನಮಗೆ ಮೃದುವಾಗಿಯೇ ಕಾಣುತ್ತದೆ. ಅದರ ಮೇಲೆ ಕಪ್ಪುಪಟ್ಟೆಗಳಿರುವುದೂ ಏರುವಾಗ ಅದು ಎಷ್ಟು ಹೊರಳಿತೆಂಬುದನ್ನು ಕ್ಯಾಮೆರಾಗಳು ಗುರುತಿಸಲೆಂದೇ. ಅಂತಹ ಪ್ರತಿಕೃತಿಗೆ ಗಾಜಿನ ಹೊಳಪು ಕೊಟ್ಟರೆ ಕೈಯಲ್ಲಿ ಹಿಡಿಯುವ ಆಟಿಕೆಯಾಗಿಬಿಡುತ್ತದೆ. ಡೆಕಾಲು ಕೂರಿಸುವುದಕ್ಕಾಗಿ ಹೊಳಪಿನ ಲೇಪ ಹಾಕಿ, ಕೊನೆಯಲ್ಲಿ ಅರೆಮಂಕಿನ ಲೇಪದಿಂದ ಅದನ್ನು ತಗ್ಗಿಸುವವರೇ ಇಲ್ಲಿ ಸರಿಯಾದ ದಾರಿಯಲ್ಲಿದ್ದಾರೆ.

ಹೊಳಪನ್ನು ಇನ್ನೂ ಏರಿಸಬೇಕೆಂಬವರು, ಲೇಪವು ಚೆನ್ನಾಗಿ ಬಲಿತ ಮೇಲೆ 1500, 2000ದ ಸ್ಯಾಂಡ್‌ಪೇಪರನ್ನು ನೀರಿನಲ್ಲಿ ಅದ್ದಿ ಉಜ್ಜಿ, ಪಾಲಿಶಿನ ಮೇಣದಿಂದ ತೀಡುತ್ತಾರೆ. ರೆಕ್ಕೆಗಳ ಅಂಚಿನಲ್ಲಿ ಲೇಪವು ಸ್ವಭಾವತಃ ತೆಳುವಾಗಿರುವುದರಿಂದ ಅಲ್ಲಿ ಎರಡು ಉಜ್ಜು ಹೆಚ್ಚಾದರೂ ಬಣ್ಣ ಕಿತ್ತುಬರುತ್ತದೆ. ಕಪಾಟಿನೊಳಗೆ ನಿಲ್ಲುವ ರಾಕೆಟ್ಟಿಗೆ ಇಷ್ಟು ಶ್ರಮ ಸಲ್ಲುತ್ತದೆ. ಹಾರುವ ರಾಕೆಟ್ಟಿನ ಗತಿ ಬೇರೆ: ಅದರ ರೆಕ್ಕೆ ಮುರಿಯುತ್ತದೆ, ಒಡಲು ತರಚುತ್ತದೆ, ಮರದ ಕೊಂಬೆಯಿಂದ ಬಿಡಿಸಿ ತಂದಾಗ ಮೂತಿಯಲ್ಲಿ ಗೀರುಗಳಿರುತ್ತವೆ, ಮುಂದಿನ ವಾರ ಅದು ಮತ್ತೆ ಬಯಲಿಗೆ ಹೋಗಬೇಕಾಗಿರುತ್ತದೆ. ಬಲಿತ ಯುರಿಥೇನಿನ ಮೇಲೆ ತೇಪೆ ಹಾಕಿದರೆ ಹೊಸ ಲೇಪವು ಹಳೆಯದರೊಡನೆ ಬೆರೆಯದೆ ಅಂಚಿನ ಗೆರೆಯಾಗಿ ಉಳಿಯುತ್ತದೆ. ಅಕ್ರಿಲಿಕ್ ಲ್ಯಾಕರಾದರೆ ತನ್ನದೇ ದ್ರಾವಕಕ್ಕೆ ಮಣಿದು ಕರಗಿ, ಹಳೆಯದೂ ಹೊಸದೂ ಒಂದೇ ಪದರವಾಗಿ ಕೂಡಿಕೊಳ್ಳುತ್ತದೆ. ಬಣ್ಣವೂ ಅದಕ್ಕೊಗ್ಗುವ ಲ್ಯಾಕರ್ ಜಾತಿಯದೇ ಆಗಿದ್ದು, ಮುರಿದ ರೆಕ್ಕೆಯನ್ನು ಅಂಟಿಸಿ, ಆ ಭಾಗವನ್ನು ಉಜ್ಜಿ, ಅಷ್ಟಕ್ಕೇ ಬಣ್ಣವನ್ನೂ ಲೇಪವನ್ನೂ ಸಿಂಪಡಿಸಿದರೆ ಒಂದೆರಡು ದಿನಗಳಲ್ಲಿ ರಾಕೆಟ್ಟು ಸಿದ್ಧ. ಹೊಳಪಿನಲ್ಲಿ ಅದು ಯುರಿಥೇನಿಗಿಂತ ಒಂದು ಮೆಟ್ಟಿಲು ಕೆಳಗಿದ್ದರೂ, ಮಕ್ಕಳು ಹಾರಿಸುವ ರಾಕೆಟ್ಟಿಗೆ ನಾನು ಸೂಚಿಸುವುದು ಅದನ್ನೇ.